ಮಲೆನಾಡಿನ ದಾರಿಗೆ ಹೇಳಿ ಮಾಡಿಸುವ ಬೈಕ್ ಸೀಟು: ಅಳತೆಯಿಂದ ಮೊದಲ ಮಳೆಗಾಲದವರೆಗೆ

ಹಣ ಕೊಟ್ಟು ಮಾಡಿಸಿದ ಬೈಕ್ ಸೀಟಿನ ಬಗ್ಗೆ ಬೇಸರಪಡುವವರನ್ನು ಮಾತಾಡಿಸಿದರೆ, ಅವರಲ್ಲಿ ಹೆಚ್ಚಿನವರು ಕೆಟ್ಟ ಕೆಲಸಗಾರರ ಕೈಗೆ ಸಿಕ್ಕವರಲ್ಲ ಎಂಬುದು ಬೇಗ ತಿಳಿಯುತ್ತದೆ. ಅಂಗಡಿಗೆ ಹೋಗಿ ರೆಗ್ಜಿನ್ ಬಣ್ಣ ಆರಿಸಿ, ಮೊಬೈಲಿನಲ್ಲಿ ಹೊಲಿಗೆಯ ವಿನ್ಯಾಸ ತೋರಿಸಿ, "ಸ್ವಲ್ಪ ಮೆತ್ತಗೆ ಮಾಡಿ ಕೊಡಿ" ಎಂದಷ್ಟೇ ಹೇಳಿ ಮುಂಗಡ ಕೊಟ್ಟು ಬಂದವರು ಅವರು. ಸಂಜೆಗೆ ಸೀಟು ಸಿದ್ಧವಾಗಿರುತ್ತದೆ, ನೋಡಲು ಅಂದವಾಗಿಯೂ ಇರುತ್ತದೆ, ಶಿವಮೊಗ್ಗದ ಪೇಟೆಯೊಳಗೆ ಓಡಾಡುವಾಗ ಹಿತವೂ ಅನ್ನಿಸುತ್ತದೆ. ತೀರ್ಥಹಳ್ಳಿ ತಲುಪುವ ಹೊತ್ತಿಗೆ ಹಳೆಯ ನೋವು ಮರಳಿರುತ್ತದೆ; ಆರಿದ್ರಾ ಮಳೆ ಹಿಡಿದ ಮೇಲಂತೂ ಸೀಟು ನೀರು ಕುಡಿದು, ಕೂತಾಗಲೆಲ್ಲ ಪ್ಯಾಂಟು ಒದ್ದೆಯಾಗುತ್ತದೆ.

ಈ ಬರಹದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ. ಸೀಟು ತೃಪ್ತಿ ಕೊಡುತ್ತದೆಯೋ ಇಲ್ಲವೋ ಎಂಬುದು ಕವರ್ ಹೊಲಿಯುವ ಮೊದಲೇ ತೀರ್ಮಾನವಾಗುತ್ತದೆ. ಕೂರುವವರ ತೂಕ, ಮೂಳೆಗಳ ಅಂತರ, ನೋವಿನ ಜಾಗ, ಓಡಾಡುವ ದಾರಿ ಇವನ್ನೆಲ್ಲ ಮೇಸ್ತ್ರಿಗೆ ತಿಳಿಸಿ, ಬರಿಯ ಫೋಮಿನ ಮೇಲೆ ಕೂತು, ಓಡಿಸಿ, ತಿದ್ದಿಸಿಕೊಂಡ ನಂತರವೇ ಕವರ್ ಏರಬೇಕು. ಮುಂದೆ ಬರುವ ಹೆಜ್ಜೆಗಳಲ್ಲಿ ಕೆಲವು ಈ ಪರೀಕ್ಷೆಗೆ ಸಿದ್ಧತೆ. ಉಳಿದವು ಅದರ ಫಲವನ್ನು ಮಳೆಗಾಲ ದಾಟಿಸುವುದಕ್ಕೆ.

ಮೊದಲ ಹೆಜ್ಜೆ: ತೊಂದರೆ ಸೀಟಿನದ್ದೇ ಎಂದು ಖಚಿತಪಡಿಸಿಕೊಳ್ಳಿ

ಸೀಟಿಗೆ ಕೈ ಹಾಕುವ ಮೊದಲು ಟೈರಿನ ಗಾಳಿಯನ್ನು ಕಂಪನಿ ಹೇಳಿದ ಪ್ರಮಾಣಕ್ಕೆ ತಂದು, ಹಿಂದಿನ ಶಾಕ್ ಅಬ್ಸಾರ್ಬರಿನ ಬಿಗಿ ಎಷ್ಟಿದೆ ಎಂದು ನೋಡಿ. ಅಡಿಕೆ ಮೂಟೆಯನ್ನೋ ಗೊಬ್ಬರದ ಚೀಲವನ್ನೋ ಹೇರುವುದಕ್ಕಾಗಿ ಸ್ಪ್ರಿಂಗನ್ನು ಪೂರ್ತಿ ಬಿಗಿ ಮಾಡಿಸಿದ ಬೈಕುಗಳು ನಮ್ಮ ಹಳ್ಳಿಗಳಲ್ಲಿ ಬಹಳ ಇವೆ. ಹೊರೆ ಇಳಿಸಿದ ಮೇಲೂ ಅದೇ ಬಿಗಿಯಲ್ಲಿ ಒಬ್ಬರೇ ಓಡಿಸಿದರೆ ಪ್ರತಿ ಗುಂಡಿಯ ಪೆಟ್ಟು ನೇರ ಬೆನ್ನಿಗೆ ಬರುತ್ತದೆ, ಎಷ್ಟು ಒಳ್ಳೆಯ ಫೋಮ್ ಹಾಕಿದರೂ ಅದು ನಿಲ್ಲುವುದಿಲ್ಲ. ಹ್ಯಾಂಡಲ್ ತೀರಾ ಮುಂದಿದ್ದರೆ ಮೈ ಬಾಗಿ ಭಾರ ಬೇರೆಡೆಗೆ ಸರಿಯುತ್ತದೆ. ಇವನ್ನೆಲ್ಲ ಸರಿಪಡಿಸಿ ಒಂದು ವಾರ ಓಡಿಸಿ ನೋಡಿ. ಸೀಟು ಹಳೆಯದಾಗಿ ಅದರ ಸ್ಪಂಜು ಸತ್ತಿದೆ, ಹೊಸದಿದ್ದಾಗ ಏನೂ ತೊಂದರೆ ಇರಲಿಲ್ಲ ಎನ್ನುವವರಿಗೆ ಕಂಪನಿಯ ಹೊಸ ಸೀಟೇ ಸಾಕಾಗಬಹುದು; ಅವರು ಮುಂದಿನ ಖರ್ಚಿಗೆ ಇಳಿಯಬೇಕಾಗಿಲ್ಲ.

ಎರಡನೆಯ ಹೆಜ್ಜೆ: ನೋವನ್ನು ಓದಿ, ಬರೆದಿಟ್ಟುಕೊಳ್ಳಿ

ಮೇಸ್ತ್ರಿಗೆ "ನೋವು ಬರುತ್ತದೆ" ಎಂದು ಹೇಳುವುದು ಅಳತೆ ಕೊಡದೆ ರವಿಕೆ ಹೊಲಿಸಿದಂತೆ. ಯಾವ ಜಾಗದಲ್ಲಿ, ಎಷ್ಟು ಹೊತ್ತಿನ ನಂತರ, ಏರಿನಲ್ಲೋ ಇಳಿಜಾರಿನಲ್ಲೋ ಎಂಬ ವಿವರ ಅವರಿಗೆ ಬೇಕು, ಏಕೆಂದರೆ ಒಂದೊಂದು ನೋವಿಗೂ ಕಾರಣ ಬೇರೆ, ಪರಿಹಾರವೂ ಬೇರೆ.

ನಾವು ಕೂತಾಗ ಮೈಭಾರ ಇಳಿಯುವುದು ಸೊಂಟದ ಕೆಳಗಿನ ಎರಡು ಗಂಟು ಮೂಳೆಗಳ ಮೇಲೆ. ಅರ್ಧ ಗಂಟೆ ಹಿತವಾಗಿದ್ದು ಆಮೇಲೆ ಆ ಎರಡು ಜಾಗದಲ್ಲಿ ಮಾತ್ರ ಚುಚ್ಚಿದಂತೆ ಉರಿಯತೊಡಗಿದರೆ, ಫೋಮ್ ಮೆತ್ತಗಿದ್ದು ಮೂಳೆ ಅದನ್ನು ಪೂರ್ತಿ ಅದುಮಿ ತಳದ ಪ್ಲೇಟಿಗೆ ತಾಗುತ್ತಿದೆ ಎಂದು ತಿಳಿಯಬೇಕು. ಇಂಥವರು ಇನ್ನಷ್ಟು ಮೆತ್ತಗಿನ ಸೀಟು ಕೇಳಿದರೆ ನೋವು ಹೆಚ್ಚೇ ಆಗುತ್ತದೆ. ಅವರಿಗೆ ಬೇಕಿರುವುದು ಗಟ್ಟಿ ಫೋಮ್. ತೊಡೆಗಳ ನಡುವೆ ಜೋಮು ಹಿಡಿಯುತ್ತಿದ್ದರೆ ಸೀಟಿನ ಹಿಂಭಾಗ ಅಗಲ ಸಾಲದೆ ಭಾರವೆಲ್ಲ ಮೂಳೆಗಳ ನಡುವಿನ ಮೆತ್ತನೆಯ ಜಾಗಕ್ಕೆ ಬೀಳುತ್ತಿದೆ, ಇಲ್ಲವೆ ಸೀಟಿನ ಮೂತಿ ಮೇಲೆದ್ದಿದೆ. ಬಾಲದ ಮೂಳೆಯ ನೋವು ಸಾಮಾನ್ಯವಾಗಿ ಸವಾರ ಬೆನ್ನು ಕುಸಿದು ಕೂರುವುದರಿಂದ ಅಥವಾ ಹಿಂಬದಿ ಸೀಟಿನ ಮೆಟ್ಟಿಲು ಅಲ್ಲಿಗೆ ಒತ್ತುವುದರಿಂದ ಬರುತ್ತದೆ. ತೊಡೆಯ ಕೆಳಗೆ ಗೆರೆ ಎಳೆದಂತೆ ಒತ್ತಿದರೆ ಸೀಟಿನ ಅಂಚು ಚೂಪಾಗಿದೆ. ಮಂಡಿ ನೋಯುತ್ತಿದ್ದರೆ ಸೀಟಿಗೂ ಕಾಲಿಡುವ ಫುಟ್‌ರೆಸ್ಟಿಗೂ ನಡುವಿನ ಅಂತರ ಕಡಿಮೆಯಾಗಿದ್ದು ಕಾಲು ಅತಿಯಾಗಿ ಮಡಿಚುತ್ತಿದೆ.

ಮಲೆನಾಡಿನ ಸವಾರರು ಹೇಳಲು ಮರೆಯುವ ಇನ್ನೊಂದು ತೊಂದರೆಯಿದೆ: ಮುಂದಕ್ಕೆ ಜಾರುವುದು. ಸಪಾಟು ದಾರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆಗುಂಬೆಯ 14 ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವಾಗ ಅಥವಾ ಹುಲಿಕಲ್ ಘಾಟಿಯಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಮೈ ಟ್ಯಾಂಕಿನ ಕಡೆಗೆ ಸರಿಯುತ್ತದೆ, ಅದನ್ನು ತಡೆಯಲು ಅಂಗೈ ಮತ್ತು ಭುಜ ದುಡಿಯುತ್ತವೆ, ಕೊನೆಗೆ ನೋಯುವುದು ಮಣಿಕಟ್ಟು. ಮಣಿಕಟ್ಟಿನ ನೋವಿಗೆ ಸೀಟಿನ ಇಳಿಜಾರು ಕಾರಣವಿರಬಹುದು ಎಂದು ಬಹಳ ಜನರಿಗೆ ಹೊಳೆಯುವುದಿಲ್ಲ. ದಿನವೂ ಘಾಟಿ ಇಳಿಯುವವರು ಈ ಮಾತನ್ನು ಚೀಟಿಯ ಮೊದಲ ಸಾಲಿನಲ್ಲೇ ಬರೆಯಲಿ.

ಬೈಕಿನಿಂದ ಇಳಿದ ಮೇಲೂ ಜೋಮು ಹೋಗದಿದ್ದರೆ, ಅಥವಾ ಸೊಂಟದಿಂದ ಕಾಲಿನವರೆಗೆ ನೋವು ಎಳೆಯುತ್ತಿದ್ದರೆ, ಕುಶನ್ ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಬೇಕು. ಸೀಟು ಅದಕ್ಕೆ ಔಷಧವಾಗುವುದಿಲ್ಲ.

ಮೂರನೆಯ ಹೆಜ್ಜೆ: ಅಳತೆ

ಗಟ್ಟಿಯಾದ ಮರದ ಕುರ್ಚಿಯ ಮೇಲೆ ರಟ್ಟಿನ ಪೆಟ್ಟಿಗೆಯ ಒಂದು ಹಾಳೆ ಹಾಸಿ, ತೆಳುವಾದ ಬಟ್ಟೆ ಧರಿಸಿ, ಬೈಕಿನಲ್ಲಿ ಕೂರುವಷ್ಟೇ ಬಾಗಿ ಒಂದೆರಡು ನಿಮಿಷ ಅಲುಗಾಡದೆ ಕೂತೇಳಿ. ರಟ್ಟಿನಲ್ಲಿ ಎರಡು ತಗ್ಗುಗಳು ಮೂಡಿರುತ್ತವೆ. ಅವುಗಳ ನಡುಬಿಂದುಗಳ ಅಂತರವೇ ನಿಮ್ಮ ಮೂಳೆಗಳ ಅಂತರ. ಸೈಕಲ್ ಸೀಟು ಆರಿಸುವವರು ಬಳಸುವ ವಿಧಾನವಿದು, ಖರ್ಚಿಲ್ಲದ್ದು. ಸೀಟಿನ ಕೂರುವ ಭಾಗ ಈ ಎರಡು ಬಿಂದುಗಳ ಹೊರಗೂ ಸಾಕಷ್ಟು ಚಾಚಿಕೊಂಡಿರಬೇಕು. ಹೆಂಗಸರಲ್ಲಿ ಈ ಅಂತರ ಸಾಮಾನ್ಯವಾಗಿ ಗಂಡಸರಿಗಿಂತ ಹೆಚ್ಚು, ಆದ್ದರಿಂದ ಮನೆಯಲ್ಲಿ ಇಬ್ಬರೂ ಓಡಿಸುವ ಬೈಕಾದರೆ ಇಬ್ಬರ ರಟ್ಟನ್ನೂ ಅಂಗಡಿಗೆ ಒಯ್ಯಿರಿ.

ಜೊತೆಗೆ ನಿಮ್ಮ ತೂಕ, ಕಾಲಿನ ಒಳ ಅಳತೆ (ತೊಡೆಸಂದಿಯಿಂದ ಹಿಮ್ಮಡಿಯವರೆಗೆ), ಶೂ ಹಾಕಿಕೊಂಡು ಬೈಕಿನ ಮೇಲೆ ಕೂತಾಗ ಪಕ್ಕದಿಂದ ತೆಗೆದ ಒಂದು ಚಿತ್ರ ಇಷ್ಟಿರಲಿ. ಕಾಲು ನೆಲಕ್ಕೆ ಎಷ್ಟು ತಾಗುತ್ತದೆ ಎಂಬುದು ಆ ಚಿತ್ರದಲ್ಲಿ ಕಾಣಬೇಕು. ಸ್ಪ್ಲೆಂಡರ್ ಪ್ಲಸ್ಸಿನ ಸೀಟು ನೆಲದಿಂದ 785 ಮಿ.ಮೀ. ಎತ್ತರ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 805 ಮಿ.ಮೀ. ಸ್ಪ್ಲೆಂಡರಿಗೆ ಒಂದು ಇಂಚು ಫೋಮ್ ಏರಿಸಿದರೆ ಅದು ಕ್ಲಾಸಿಕ್‌ಗಿಂತ ಎತ್ತರವಾಗುತ್ತದೆ. ಎತ್ತರ ಹಾಗೆಯೇ ಉಳಿಸಿ ಮುಂಭಾಗವನ್ನು ಅಗಲ ಮಾಡಿದರೂ ತೊಡೆ ಹೊರಕ್ಕೆ ಸರಿದು ಕಾಲು ಎಟುಕುವುದು ಕಡಿಮೆಯಾಗುತ್ತದೆ. ತೋಟದ ಕೆಸರು ದಾರಿಯಲ್ಲಿ, ಜಲ್ಲಿ ಎದ್ದ ಏರಿನಲ್ಲಿ ಬೈಕ್ ನಿಲ್ಲಿಸಿ ಕಾಲೂರಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಹಿಂದೆ ಅಗಲ, ಮುಂದೆ ಸಪೂರ ಎಂಬ ಆಕಾರವೇ ಅವರಿಗೆ ಒಗ್ಗುತ್ತದೆ.

ನಾಲ್ಕನೆಯ ಹೆಜ್ಜೆ: ಹಿಂದೆ ಕೂರುವವರನ್ನು ಕೇಳಿ

ಮನೆಯ ಬೈಕಿನಲ್ಲಿ ಹಿಂದೆ ಕೂರುವವರು ಅಮ್ಮನೋ ಹೆಂಡತಿಯೋ ಆಗಿದ್ದು, ಸೀರೆಯುಟ್ಟು ಒಂದೇ ಪಕ್ಕಕ್ಕೆ ಕೂರುವವರಾದರೆ, ಅವರ ಅಭಿಪ್ರಾಯವಿಲ್ಲದೆ ಸೀಟಿನ ಆಕಾರ ನಿರ್ಧರಿಸುವುದು ನ್ಯಾಯವಲ್ಲ. ಸವಾರನಿಗೆ ಆಳವಾದ ಗುಳಿ, ಹಿಂದೆ ಎತ್ತರದ ಮೆಟ್ಟಿಲು ಎಂಬ ವಿನ್ಯಾಸ ನೋಡಲು ಚೆಂದ, ಪಕ್ಕಕ್ಕೆ ಕೂರುವವರಿಗೆ ಅಪಾಯ. ಅವರಿಗೆ ಹಿಂಭಾಗ ಸಪಾಟಾಗಿ, ಅಗಲವಾಗಿ, ಜಾರದ ಕವರಿನೊಂದಿಗೆ ಇರಬೇಕು. ಒಂದು ದಿನ ಅವರನ್ನೂ ಅಂಗಡಿಗೆ ಕರೆದೊಯ್ದು ಕೂರಿಸಿ ನೋಡುವುದು ಒಳ್ಳೆಯದು.

ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆ, 1988ರ 128ನೆಯ ಕಲಂ ಪ್ರಕಾರ ದ್ವಿಚಕ್ರ ವಾಹನದಲ್ಲಿ ಸವಾರನ ಹಿಂದೆ ಒಬ್ಬರಿಗಿಂತ ಹೆಚ್ಚು ಜನ ಕೂರುವಂತಿಲ್ಲ, ಮತ್ತು ಆ ಒಬ್ಬರು ಕೂರುವ ಸೀಟು ಭದ್ರವಾಗಿ ಬಿಗಿದಿರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೆಯ ನಿಯಮವು ಹಿಂಬದಿ ಸವಾರರಿಗೆ ಶಾಶ್ವತವಾದ ಹಿಡಿಕೆ, ಕಾಲಿಡುವ ಫುಟ್‌ರೆಸ್ಟು ಮತ್ತು ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ಸೀರೆ ಗಾರ್ಡ್ ಇರಬೇಕೆನ್ನುತ್ತದೆ. ಹೊಸ ಸೀಟಿಗೆ ಅಡ್ಡಿಯಾಗುತ್ತದೆಂದು ಹಿಡಿಕೆಯನ್ನೋ ಗಾರ್ಡನ್ನೋ ಕಳಚುವ ಮಾತು ಬಂದರೆ ಖಂಡಿತ ಒಪ್ಪಬೇಡಿ.

ಐದನೆಯ ಹೆಜ್ಜೆ: ಯಾರ ಕೈಯಲ್ಲಿ ಮಾಡಿಸಬೇಕು

ಶಿವಮೊಗ್ಗ, ಸಾಗರ, ಭದ್ರಾವತಿಯಂಥ ಊರುಗಳಲ್ಲಿ ಕುಶನ್ ಕೆಲಸದವರು ಇದ್ದೇ ಇದ್ದಾರೆ. ಅವರಲ್ಲಿ ಎರಡು ಬಗೆ. ಕೆಲವರು ಇರುವ ಸ್ಪಂಜಿನ ಮೇಲೆ ಹೊಸ ಕವರ್ ಎಳೆಯುವವರು. ಇನ್ನು ಕೆಲವರು ಸ್ಪಂಜನ್ನು ಕೊರೆದು, ಪದರ ಅಂಟಿಸಿ, ಉಜ್ಜಿ ಆಕಾರ ಕೊಡಬಲ್ಲವರು. ನಿಮಗೆ ಬೇಕಾದವರು ಎರಡನೆಯವರು. ಕವರ್ ಬಿಚ್ಚಿದ ಸೀಟು ಅಂಗಡಿಯಲ್ಲಿ ಬಿದ್ದಿದ್ದರೆ ಅದರ ಫೋಮನ್ನು ಕೈಯಾಡಿಸಿ ನೋಡಿ: ಪದರಗಳ ಜೋಡಣೆಯಲ್ಲಿ ಸಂದು ಇದೆಯೇ, ಅಂಚು ನುಣುಪಾಗಿ ಇಳಿದಿದೆಯೇ, ಎರಡು ಪಕ್ಕವೂ ಸಮವಾಗಿವೆಯೇ ಎಂಬುದರಿಂದಲೇ ಕೈಕಸುಬು ತಿಳಿಯುತ್ತದೆ.

ಹಿಂದೆ ಅಲ್ಲಿ ಮಾಡಿಸಿಕೊಂಡವರ ಮಾತಿಗೆ ಬೆಲೆ ಇದೆ, ಆದರೆ ಸರಿಯಾದ ಪ್ರಶ್ನೆ ಕೇಳಿದರೆ ಮಾತ್ರ. ತಾನು ಹಣ ಕೊಟ್ಟು ಮಾಡಿಸಿದ ವಸ್ತುವನ್ನು ಮೊದಲ ವಾರದಲ್ಲಿ ಯಾರೂ ತೆಗಳುವುದಿಲ್ಲ. 55 ಕೆ.ಜಿ. ತೂಕದ ಹುಡುಗನಿಗೆ ಹಿಡಿಸಿದ ಸೀಟು 85 ಕೆ.ಜಿ.ಯವರಿಗೆ ತಳ ತಾಗುತ್ತದೆ. ಆದ್ದರಿಂದ ಅವರ ತೂಕವೆಷ್ಟು, ಒಂದೇ ಸಲಕ್ಕೆ ಎಷ್ಟು ದೂರ ಹೋಗುತ್ತಾರೆ, ಸೀಟು ಒಂದು ಮಳೆಗಾಲ ಕಂಡಿದೆಯೇ ಎಂದು ಕೇಳಿ. ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಮೊದಲ ಸಲ ಸರಿಹೋಗದೆ ವಾಪಸ್ ಹೋದಾಗ ಮೇಸ್ತ್ರಿ ಹೇಗೆ ನಡೆದುಕೊಂಡರು? ಒಳ್ಳೆಯ ಕೆಲಸಗಾರರ ಕೈಯಲ್ಲೂ ಸೀಟು ಮೊದಲ ಸಲಕ್ಕೇ ಕೂಡಿ ಬರದಿರಬಹುದು. ಮುಖ ಗಂಟಿಕ್ಕದೆ ಕವರ್ ಬಿಚ್ಚಿ ತಿದ್ದಿಕೊಟ್ಟರು ಎಂಬ ಒಂದು ಉತ್ತರ, ಅಂಗಡಿಯ ಗೋಡೆಯ ಮೇಲಿನ ಎಲ್ಲ ಚಿತ್ರಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಬೆಂಗಳೂರಿನಂಥ ದೂರದ ಊರಿನವರಿಗೆ ಸೀಟು ಕಳುಹಿಸಿ ಮಾಡಿಸುವವರೂ ಇದ್ದಾರೆ. ಕೆಲಸ ಅಚ್ಚುಕಟ್ಟಾಗಿರಬಹುದು, ಆದರೆ ಬರಿಯ ಫೋಮಿನ ಮೇಲೆ ಕೂತು ನೋಡುವ ಅವಕಾಶ ಅಲ್ಲಿ ತಪ್ಪುತ್ತದೆ. ಹತ್ತಿರದವರಿಗೇ ನನ್ನ ಮತ. ಯಾರಿಗೆ ಕೊಟ್ಟರೂ ಕಂಪನಿಯ ಮೂಲ ಸೀಟನ್ನು ಕೊರೆಯಲು ಕೊಡಬೇಡಿ. ಗುಜರಿಯಲ್ಲಿ ಅದೇ ಮಾದರಿಯ ಹಳೆಯ ಸೀಟು ಸಿಕ್ಕರೆ ಅದರ ಪ್ಲೇಟನ್ನು ಬಳಸಲು ಹೇಳಿ. ಕೆಲಸ ನಡೆಯುವ ದಿನಗಳಲ್ಲಿ ಬೈಕ್ ನಿಲ್ಲುವುದಿಲ್ಲ, ಮುಂದೆ ಬೈಕ್ ಮಾರುವಾಗ ಮೂಲ ಸೀಟು ಕೈಯಲ್ಲಿರುತ್ತದೆ.

ಆರನೆಯ ಹೆಜ್ಜೆ: ಫೋಮ್

ಅಂಗಡಿಯಲ್ಲಿ "32 ಡೆನ್ಸಿಟಿ", "40 ಡೆನ್ಸಿಟಿ" ಎಂಬ ಮಾತು ಕೇಳುತ್ತೀರಿ. ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬುದರ ಲೆಕ್ಕ ಅದು. ಗಟ್ಟಿತನದ ಅಳತೆ ಬೇರೆಯೇ ಇದೆ. ಸೋಫಾಕ್ಕೂ ಹಾಸಿಗೆಗೂ ಬಳಸುವ ಈ ಹಗುರ ಫೋಮನ್ನು ಮಾತ್ರ ನೆಚ್ಚಿ ಸೀಟು ಮಾಡಿದರೆ ಅದು ಕೆಲವೇ ತಿಂಗಳಲ್ಲಿ ಕುಸಿಯುತ್ತದೆ. ಚೂರು ಫೋಮನ್ನು ಅಂಟಿನೊಂದಿಗೆ ಒತ್ತಿ ಮಾಡಿದ, ಬಣ್ಣ ಬಣ್ಣದ ಚುಕ್ಕೆಗಳಿರುವ ಬಾಂಡೆಡ್ ಫೋಮ್ ಬಹಳ ಗಟ್ಟಿ ಮತ್ತು ಭಾರ. ಅದನ್ನು ತಳಪದರವಾಗಿ ಹಾಕಿ, ಮೇಲೆ ಒಂದರಿಂದ ಎರಡು ಸೆಂಟಿಮೀಟರ್ ಮೆತ್ತನೆಯ ಪದರ ಕೊಡುವ ಕ್ರಮವೇ ದೂರದ ಸವಾರಿಗೆ ಹೆಚ್ಚು ಒಗ್ಗುತ್ತದೆ. ಕೂತ ಕ್ಷಣಕ್ಕೆ ಸ್ವಲ್ಪ ಬಿರುಸು ಅನ್ನಿಸುವ ಸೀಟು ಎರಡು ಗಂಟೆಯ ನಂತರ ಮೆಚ್ಚುಗೆ ಗಳಿಸುತ್ತದೆ.

ಮೆಮೊರಿ ಫೋಮ್ ಮೈಯ ಆಕಾರಕ್ಕೆ ಒಗ್ಗುವ ವಸ್ತು, ಆದರೆ ಚಳಿಗೆ ಗಟ್ಟಿಯಾಗುತ್ತದೆ, ಬಿಸಿಲಿಗೆ ಮೆತ್ತಗಾಗುತ್ತದೆ. ತಳದಲ್ಲಿ ಗಟ್ಟಿ ಪದರವಿಲ್ಲದೆ ಅದೊಂದನ್ನೇ ಹಾಕಿದರೆ ಪ್ರಯೋಜನವಿಲ್ಲ. ಜೆಲ್ ಪ್ಯಾಡ್ ಒತ್ತಡವನ್ನು ಹರಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನಲ್ಲಿ ಅದು ಕಾದು ಬಹಳ ಹೊತ್ತು ಬಿಸಿಯಾಗಿಯೇ ಉಳಿಯುತ್ತದೆ.

ಆಕಾರದ ಬಗ್ಗೆ ಒಂದು ಎಚ್ಚರಿಕೆ. ಜಾರುವುದನ್ನು ತಡೆಯಲು ಕೂರುವ ಜಾಗವನ್ನು ಸಮತಲ ಮಾಡಿಸಿ, ಮುಂದೆ ಅತಿ ಸಣ್ಣ ಏರು ಕೊಡಿಸಿ. ಆಳವಾದ ಬಟ್ಟಲಿನ ಆಕಾರ ಬೇಡ. ತಿರುವುಗಳಲ್ಲಿ ಮೈ ಹೊರಳಿಸಲು, ದೂರದ ದಾರಿಯಲ್ಲಿ ಆಗಾಗ ಹಿಂದೆ ಮುಂದೆ ಸರಿದು ಕೂರಲು ಜಾಗ ಉಳಿಯಬೇಕು. ಎಷ್ಟೇ ಒಳ್ಳೆಯ ಫೋಮಾದರೂ ಒಂದೇ ಭಂಗಿಯಲ್ಲಿ ಹಿಡಿದು ಕೂರಿಸಿದರೆ ನೋಯಿಸುತ್ತದೆ.

ಏಳನೆಯ ಹೆಜ್ಜೆ: ಕವರನ್ನು ಮಳೆಯ ಲೆಕ್ಕದಲ್ಲಿ ಆರಿಸಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ ನಗರದಲ್ಲಿ ಬೀಳುವುದು ಅದರ ಸಣ್ಣದೊಂದು ಪಾಲು. ನಗರದ ಅಂಗಡಿಯಲ್ಲಿ ಚೆನ್ನಾಗಿ ಬಾಳಿದ ಕೆಲಸ ತೀರ್ಥಹಳ್ಳಿ, ಹೊಸನಗರದ ಆಚೆಗೆ ಬಾಳದೆ ಇರುವುದಕ್ಕೆ ಇದೇ ಕಾರಣ, ಆದ್ದರಿಂದ ನಿಮ್ಮ ಊರು ಯಾವುದು ಎಂದು ಮೇಸ್ತ್ರಿಗೆ ಮೊದಲೇ ಹೇಳಿ.

ರೆಗ್ಜಿನ್ ನೀರನ್ನು ಒಳಗೆ ಬಿಡುವುದಿಲ್ಲ; ನೀರು ಇಳಿಯುವುದು ಸೂಜಿಯ ತೂತುಗಳಲ್ಲಿ. ಕೂರುವ ಜಾಗದ ತುಂಬ ಡೈಮಂಡ್ ಹೊಲಿಗೆ ಹಾಕಿಸಿದರೆ ಆ ಜಾಗದಲ್ಲಿ ನೂರಾರು ತೂತು ಮಾಡಿಸಿದಂತಾಗುತ್ತದೆ, ಅದೂ ನೀರು ನಿಲ್ಲುವ ತಗ್ಗಿನಲ್ಲಿ. ಸೀಟಿನ ಸ್ಪಂಜು ತೆರೆದ ರಂಧ್ರಗಳುಳ್ಳದ್ದು. ಒಮ್ಮೆ ನೀರು ಕುಡಿದರೆ ಮಳೆಗಾಲದ ತೇವದಲ್ಲಿ ದಿನಗಟ್ಟಲೆ ಒಣಗುವುದಿಲ್ಲ, ಒಳಗೆ ಬೂಷ್ಟು ಹಿಡಿಯುತ್ತದೆ, ಅಂಟು ಬಿಡುತ್ತದೆ. ಮಲೆನಾಡಿನವರು ಕೂರುವ ಭಾಗದಲ್ಲಿ ಹೊಲಿಗೆಯೇ ಇಲ್ಲದಂತೆ ಒಂದೇ ತುಂಡು ರೆಗ್ಜಿನ್ ಹಾಕಿಸಿಕೊಳ್ಳಲಿ. ಹೊಲಿಗೆಯೆಲ್ಲ ಪಕ್ಕದ ಇಳಿಜಾರಿನಲ್ಲಿ ಬರಲಿ, ಒಳಗಿನಿಂದ ಹೊಲಿಗೆಯ ಗುಂಟ ಅಂಟುಪಟ್ಟಿ ಹಾಕಲಿ. ಅಂದ ಬೇಕೆನ್ನುವವರು ಹೊಲಿಗೆಯ ವಿನ್ಯಾಸವನ್ನು ಪಕ್ಕಗಳಿಗೆ ಮೀಸಲಿಡಬಹುದು.

ಫೋಮಿಗೂ ಕವರಿಗೂ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಕುವ ರೂಢಿಯಿದೆ. ಮೇಲಿನಿಂದ ಬರುವ ನೀರನ್ನು ಅದು ತಡೆಯುತ್ತದೆ. ಆದರೆ ಚಕ್ರದಿಂದ ಸಿಡಿದ ನೀರು ಕೆಳಗಿನಿಂದಲೂ ಏರುತ್ತದೆ, ಹಾಳೆ ಅದನ್ನು ಹೊರಗೆ ಹೋಗದಂತೆಯೂ ಹಿಡಿದಿಡುತ್ತದೆ. ಹಾಳೆಯನ್ನು ಮೇಲ್ಭಾಗ ಮತ್ತು ಪಕ್ಕಗಳಿಗೆ ಮಾತ್ರ ಸುತ್ತಿ, ತಳವನ್ನು ಮುಕ್ತವಾಗಿ ಬಿಟ್ಟು, ಪ್ಲೇಟಿನಲ್ಲಿ ನೀರಿಳಿಯುವ ತೂತುಗಳು ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಸರಿಯಾದ ಕ್ರಮ. ಪ್ಲಾಸ್ಟಿಕ್ ಪ್ಲೇಟಿಗೆ ಹೊಡೆಯುವ ಸ್ಟೇಪ್ಲರ್ ಪಿನ್ ಸ್ಟೇನ್‌ಲೆಸ್ ಸ್ಟೀಲಿನದಾಗಿರಬೇಕು. ಸಾಧಾರಣ ಪಿನ್ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಟ್ಟುಕೊಳ್ಳುತ್ತದೆ. ತಗಡಿನ ಪ್ಲೇಟಾದರೆ ಸ್ಪಂಜು ಕೂರಿಸುವ ಮೊದಲೇ ತುಕ್ಕು ಉಜ್ಜಿಸಿ ಬಣ್ಣ ಹೊಡೆಸಿ. ಹೊಳಪಿನ ರೆಗ್ಜಿನ್ ಒದ್ದೆಯಾದಾಗ ಜಾರುತ್ತದೆ, ಆದ್ದರಿಂದ ತರಿ ತರಿಯಾದ ಮೇಲ್ಮೈಯನ್ನೇ ಆರಿಸಿ.

ಎಂಟನೆಯ ಹೆಜ್ಜೆ: ಒಪ್ಪಂದ ಚೀಟಿಯಲ್ಲಿರಲಿ

ದೊಡ್ಡ ಕರಾರುಪತ್ರವೇನೂ ಬೇಡ. ಫೋಮ್ ಯಾವುದು, ಪಿನ್ ಯಾವುದು, ಕವರ್ ಹಾಕುವ ಮೊದಲು ಓಡಿಸಿ ನೋಡಲು ಕೊಡುತ್ತಾರೆಯೇ, ಕವರ್ ಹಾಕಿದ ನಂತರ ಎಷ್ಟು ದಿನದೊಳಗೆ, ಎಷ್ಟು ಸಲ ಹಣವಿಲ್ಲದೆ ತಿದ್ದಿಕೊಡುತ್ತಾರೆ ಎಂಬ ನಾಲ್ಕು ಸಾಲು ಬಿಲ್ಲಿನ ಹಿಂದೆ ಬರೆಸಿಕೊಂಡರೆ ಸಾಕು. ಕೇಳುವ ರೀತಿಯೂ ಮುಖ್ಯ. "ಮೇಸ್ತ್ರಿ, ನಿಮ್ಮ ಕೆಲಸದ ಮೇಲೆ ಅನುಮಾನ ಇಲ್ಲ, ನನ್ನ ಮೈ ಲೆಕ್ಕ ನಿಮಗೆ ಒಂದೇ ಸಲಕ್ಕೆ ಸಿಗಲ್ಲ, ಅದಕ್ಕೆ ಕವರ್ ಹಾಕೋ ಮೊದ್ಲು ಒಂದ್ಸಲ ಓಡಿಸಿ ನೋಡ್ತೀನಿ" ಎಂದರೆ ಕಸುಬು ಬಲ್ಲವರು ಬೇಸರಿಸುವುದಿಲ್ಲ. ಮರುದಿನ ಮತ್ತೆ ಕೈ ಹಾಕುವ ಶ್ರಮಕ್ಕೆ ಸ್ವಲ್ಪ ಹೆಚ್ಚು ಕೂಲಿ ಕೇಳಿದರೆ ಕೊಡಿ, ಅದು ನ್ಯಾಯವಾದದ್ದೇ. ಅರ್ಧ ಹಣ ಮೊದಲು, ಉಳಿದರ್ಧ ಕವರ್ ಏರಿದ ಮೇಲೆ.

ಒಂಬತ್ತನೆಯ ಹೆಜ್ಜೆ: ಬರಿಯ ಫೋಮಿನ ಮೇಲೆ ಸವಾರಿ

ಎಲ್ಲ ಹೆಜ್ಜೆಗಳಲ್ಲಿ ಇದಕ್ಕೆ ಹೆಚ್ಚು ಸಮಯ ಕೊಡಿ. ಆಕಾರ ಕೊಟ್ಟ ಫೋಮಿನ ಮೇಲೆ ಹಳೆಯ ಕವರನ್ನೋ ದಪ್ಪ ಬಟ್ಟೆಯನ್ನೋ ಬಿಗಿಯಾಗಿ ಸುತ್ತಿ, ಅಲುಗದಂತೆ ಕಟ್ಟಿ, ಪ್ಲೇಟ್ ಬೈಕಿನ ಲಾಕಿಗೆ ಸರಿಯಾಗಿ ಕೂತಿದೆಯೆಂದು ಖಾತ್ರಿ ಮಾಡಿಕೊಂಡ ನಂತರ ಹೊರಡಿ. ಈ ಸವಾರಿಯಲ್ಲಿ ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ; ಮಳೆಯಿಲ್ಲದ ದಿನವನ್ನೇ ಆರಿಸಿ.

ಅಂಗಡಿಯ ಸುತ್ತ ಎರಡು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ, ಕನಿಷ್ಠ ಒಂದು ಗಂಟೆ ಕೂತಿರಬೇಕು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯವರೆಗೆ ಹೋಗಿ ಬಂದರೆ ಸುಮಾರು 60 ಕಿ.ಮೀ. ಆಗುತ್ತದೆ. ತಿರುವು, ಸಪಾಟು ಎರಡೂ ಸಿಗುವ ಈ ದಾರಿ ಪರೀಕ್ಷೆಗೆ ಅನುಕೂಲ. ಸಾಗರದವರು ಜೋಗದ ಕಡೆಗೆ ಹೋಗಿ ಬರಬಹುದು. ಹೋಗುವಾಗ ಇಳಿಯದೆ ಹೋಗಿ, ತಲುಪಿದ ಕೂಡಲೇ ಯಾವ ಜಾಗದಲ್ಲಿ ಏನು ಅನ್ನಿಸುತ್ತಿದೆ ಎಂದು ಚೀಟಿಯಲ್ಲಿ ಬರೆಯಿರಿ. ಮನೆಗೆ ಬಂದ ಮೇಲೆ ನೆನಪು ಮಸುಕಾಗುತ್ತದೆ. ಮೊದಲ ಚೀಟಿಯ ಪಕ್ಕದಲ್ಲಿ ಇದನ್ನಿಟ್ಟು ಹೋಲಿಸಿದರೆ ಏನು ಕಡಿಮೆಯಾಗಿದೆ, ಏನು ಹೊಸದಾಗಿ ಬಂದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ತಿದ್ದಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಎತ್ತರ, ಇಳಿಜಾರು, ಅಗಲ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಫೋಮ್ ತೆಗೆಯುವುದು ಸುಲಭ, ಹೆಚ್ಚಾಗಿ ಕೊರೆದದ್ದನ್ನು ಮರಳಿ ತುಂಬುವುದು ಕಷ್ಟ. ಆದ್ದರಿಂದ ಮೊದಲು ತುಸು ಹೆಚ್ಚೇ ಉಳಿಸಿಕೊಂಡು, ಬೇಕಾದಷ್ಟು ಉಜ್ಜಿಸುತ್ತ ಹೋಗಿ. ಎರಡು ಸಲದ ತಿದ್ದುಪಡಿಯ ನಂತರವೂ ಸರಿಹೋಗದಿದ್ದರೆ ಕವರ್ ಹಾಕಿಸಲು ಅವಸರ ಮಾಡಬೇಡಿ, ನೋವಿನ ಕಾರಣವನ್ನೇ ಮತ್ತೊಮ್ಮೆ ಯೋಚಿಸಿ.

ಹತ್ತನೆಯ ಹೆಜ್ಜೆ: ಸೀಟು ಕೈಗೆ ಬಂದಾಗ

ಸೀಟನ್ನು ಮಗುಚಿ ಹಾಕಿ ನೋಡಿ. ಪಿನ್ನುಗಳು ಒತ್ತೊತ್ತಾಗಿ ಇವೆಯೇ, ಯಾವುದಾದರೂ ಪ್ಲೇಟಿನ ಆಚೆ ತೂರಿ ಬಂದಿದೆಯೇ, ತಳದ ರಬ್ಬರ್ ಬುಷ್‌ಗಳೆಲ್ಲ ತಮ್ಮ ಜಾಗದಲ್ಲಿವೆಯೇ? ಒಂದು ಬುಷ್ ಇಲ್ಲದಿದ್ದರೂ ಪ್ಲೇಟ್ ಅಲ್ಲಿ ಬಾಗಿ ಕೆಲವು ತಿಂಗಳಲ್ಲಿ ಸೀಳುತ್ತದೆ. ಲಾಕ್ ಹಾಕಿ ಎರಡೂ ಕೈಯಿಂದ ಎತ್ತಿ ಅಲುಗಿಸಿ. ಕೂರುವ ಜಾಗದಲ್ಲಿ ಕವರ್ ಅತಿ ಬಿಗಿಯಾಗಿದ್ದರೆ ನಡುವೆ ದಿಬ್ಬದಂತಾಗಿ, ಫೋಮಿನಲ್ಲಿ ಮಾಡಿದ ಆಕಾರವೆಲ್ಲ ವ್ಯರ್ಥವಾಗುತ್ತದೆ. ಕೊನೆಗೆ ಒಂದು ತಂಬಿಗೆ ನೀರನ್ನು ಕೂರುವ ಜಾಗಕ್ಕೆ ಸುರಿದು ಹತ್ತು ನಿಮಿಷ ಬಿಟ್ಟು, ಒರೆಸಿ, ಒಣ ಕಾಗದವಿಟ್ಟು ಅದರ ಮೇಲೆ ಕೂತೇಳಿ. ಕಾಗದ ಒದ್ದೆಯಾದರೆ ಅಲ್ಲೇ ತೋರಿಸಿ ಸರಿಮಾಡಿಸಿಕೊಳ್ಳಿ.

ಹೊಸ ಫೋಮ್ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಸ್ವಲ್ಪ ಇಳಿದು ಕೂರುವುದು ಸಹಜ. ಅಷ್ಟು ಓಡಿಸಿದ ನಂತರವೂ ತೊಂದರೆ ಇದ್ದರೆ, ಚೀಟಿಯಲ್ಲಿ ಬರೆಸಿಕೊಂಡ ಗಡುವಿನೊಳಗೇ ಹೋಗಿ. "ಸರಿಯಾಗಿಲ್ಲ" ಎನ್ನುವ ಬದಲು "ಎಡಗಡೆ ಮೂಳೆಯ ಕೆಳಗೆ ಮುಕ್ಕಾಲು ಗಂಟೆಗೆ ಒತ್ತುತ್ತದೆ, ಬಲಗಡೆ ಇಲ್ಲ" ಎಂದು ಬೆರಳಿಟ್ಟು ತೋರಿಸಿದರೆ ಮೇಸ್ತ್ರಿಗೂ ಕೆಲಸ ಸುಲಭ, ನಿಮಗೂ ಎರಡನೆಯ ಸಲದ ಅಲೆದಾಟ ತಪ್ಪುತ್ತದೆ. ಕೆಲಸ ಚೆನ್ನಾಗಿ ಆಗಿದ್ದರೆ ಅದನ್ನೂ ಅದೇ ವಿವರದೊಂದಿಗೆ ಹೇಳಿ. ನಿಮ್ಮ ತೂಕ, ನಿಮ್ಮ ದಾರಿ, ಹಾಕಿದ ಫೋಮು ಇಷ್ಟನ್ನು ಅವರು ನೆನಪಿಟ್ಟುಕೊಂಡರೆ ಮುಂದಿನ ಗಿರಾಕಿಗೆ ಅನುಕೂಲವಾಗುತ್ತದೆ.

ಒಪ್ಪಿದ ವಸ್ತು ಹಾಕದೆ, ತಿದ್ದಲೂ ಒಪ್ಪದೆ, ಹಣವನ್ನೂ ಹಿಂದಿರುಗಿಸದೆ ಹೋದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ತೊಂದರೆ ಉಂಟಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ಎಲ್ಲಿ ಹೋದರೂ ಮೊದಲು ಕೇಳುವುದು ಬಿಲ್ಲನ್ನೇ.

ಹನ್ನೊಂದನೆಯ ಹೆಜ್ಜೆ: ಮಳೆಗಾಲ ಮತ್ತು ಅದರ ನಂತರ

ಒದ್ದೆಯಾದ ಸೀಟನ್ನು ರಾತ್ರಿ ಬೈಕಿನಿಂದ ಕಳಚಿ, ಮೂತಿ ಮೇಲಾಗಿ ಗೋಡೆಗೆ ಒರಗಿಸಿಟ್ಟರೆ ನೀರು ಹಿಂದಿನ ತೂತುಗಳಿಂದ ಇಳಿಯುತ್ತದೆ. ಬಚ್ಚಲೊಲೆಯ ಪಕ್ಕದಲ್ಲಿ ಒಣಗಿಸುವ ಅಭ್ಯಾಸ ಬಿಡಿ, ಈ ಫೋಮಿಗೆ ಬೇಗ ಬೆಂಕಿ ಹಿಡಿಯುತ್ತದೆ. ಕೊಟ್ಟಿಗೆಯ ಮಾಡಿನ ಕೆಳಗೆ ಬೈಕ್ ನಿಲ್ಲಿಸುವವರು ಇಲಿ ಮತ್ತು ಬೆಕ್ಕಿನ ಉಗುರಿನಿಂದ ಸೀಟನ್ನು ಕಾಪಾಡಲು ದಪ್ಪ ಗೋಣಿಯನ್ನಾದರೂ ಹೊದಿಸಲಿ. ತೋಟಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧ) ಹೊಡೆದ ದಿನ ಆ ಬಟ್ಟೆಯಲ್ಲೇ ಬೈಕ್ ಏರಿದ್ದರೆ ಸಂಜೆ ಸೀಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಹೊಲಿಗೆಯ ದಾರದ ಸಂದಿಯಲ್ಲಿ ದ್ರಾವಣ ಒಣಗಿ ಕೂರುತ್ತದೆ. ದೀಪಾವಳಿಯ ಹೊತ್ತಿಗೆ ಮಳೆ ಪೂರ್ತಿ ನಿಂತ ಮೇಲೆ ಸೀಟನ್ನು ಅದೇ ಮೇಸ್ತ್ರಿಯ ಬಳಿ ಒಯ್ದು, ತಳದ ಕೆಲವು ಪಿನ್ ತೆಗೆಸಿ ಒಳಗಿನ ಫೋಮನ್ನು ಮುಟ್ಟಿ ನೋಡಿ. ತೇವವಿದ್ದರೆ ಕವರ್ ಬಿಚ್ಚಿಸಿ ನೆರಳಲ್ಲಿ ಒಣಗಿಸಿ, ನೀರು ಇಳಿದ ಹೊಲಿಗೆಯನ್ನು ಹುಡುಕಿ ಅಲ್ಲಿಗೆ ಹೊಸ ಅಂಟುಪಟ್ಟಿ ಹಾಕಿಸಿ, ಮತ್ತೆ ಪಿನ್ ಹೊಡೆಸಿಕೊಳ್ಳಿ. ಈ ಒಂದು ಸಲದ ತಪಾಸಣೆಯನ್ನು ಮೊದಲ ಮಾತುಕತೆಯಲ್ಲೇ ಕೂಲಿಯೊಳಗೆ ಸೇರಿಸಿಕೊಂಡರೆ ಇಬ್ಬರಿಗೂ ತಕರಾರು ಇರುವುದಿಲ್ಲ.